ತಮ್ಮನ ಬೇಸ್ ಗಿಟಾರಿಗೆ ಪೆಡಲ್ ಗಿಫ್ಟ್ ಕೊಡ್ಬೇಕು, 6,000 ಒಳಗೆ, ಯಾವುದು ಹೇಳಿ ಮಾರಾಯ್ರೆ

ಕಲ್ಸಂಕದಕ್ಕ · ಶುಕ್ರವಾರ ರಾತ್ರಿ 9:12

ಎಲ್ರಿಗೂ ನಮಸ್ಕಾರ. ಮೊದ್ಲೇ ಹೇಳ್ತೇನೆ, ನಂಗೆ ಮ್ಯೂಸಿಕ್‌ದು ಗಂಧಗಾಳಿ ಗೊತ್ತಿಲ್ಲ, ನಗಾಡ್ಬೇಡಿ. ನನ್ನ ತಮ್ಮ ಬೇಸ್ ಗಿಟಾರ್ ನುಡಿಸ್ತಾನೆ. ಆದಿತ್ಯವಾರ ಇಗರ್ಜಿಯಲ್ಲಿ ಕೊಯರ್ ಜೊತೆ, ಮತ್ತೆ ಸೀಸನ್ನಲ್ಲಿ ಯಾರದ್ದಾದ್ರೂ ಮದುವೆ ಮುಂಚಿನ ರೋಸ್, ರಿಸೆಪ್ಶನ್ ಅಂತ ಫ್ರೆಂಡ್ಸ್ ಬ್ಯಾಂಡಲ್ಲಿ ಬ್ರಹ್ಮಾವರದಿಂದ ಸುರತ್ಕಲ್‌ವರೆಗೆ ತಿರುಗ್ತಾನೆ. ಮೇರಿ ಮಾತೆಯ ಹಬ್ಬ ಮೊಂತಿ ಫೆಸ್ಟ್‌ಗೆ ಎರಡು ದಿನ ಮುಂಚೆ ಅವನ ಬರ್ತ್‌ಡೇ, 25 ತುಂಬ್ತದೆ. ಪ್ರತಿ ವರ್ಷ ನಾನು ಶರ್ಟ್ ಕೊಡುದು, ಅವ ಅದನ್ನು ಕಪಾಟಲ್ಲಿ ಇಡುದು, ಅಮ್ಮ ಅದನ್ನು ಮಾವನ ಮಗನಿಗೆ ದಾಟಿಸುದು, ಇಷ್ಟೇ ಆಗಿದೆ. ಈ ಸಲ ಅವನಿಗೆ ಬೇಕಾದ್ದೇ ಕೊಡುವ ಅಂತ. ಅವನ ಬಾಯಲ್ಲಿ ಯಾವಾಗ ನೋಡಿದ್ರೂ ಪೆಡಲ್ ಪೆಡಲ್, ಕಾಲಲ್ಲಿ ಒತ್ತಿ ಗಿಟಾರಿನ ಸೌಂಡ್ ಬದಲಿಸುವ ಡಬ್ಬ ಅಂತೆ, ಫೋನಲ್ಲಿ ಅದರದ್ದೇ ವಿಡಿಯೋ. ಯಾವುದು ಬೇಕು ಅಂತ ಅವನನ್ನೇ ಕೇಳಿದ್ರೆ ಗುಟ್ಟು ಹೋಯ್ತು.

ಬಜೆಟ್ 6,000, ತುಂಬಾ ಎಳೆದ್ರೆ 6,500. ನಿನ್ನೆ ಮಂಗಳೂರಿಗೆ ಹೋದಾಗ ಒಂದು ಅಂಗಡಿಗೆ ಹೊಕ್ಕು ಪೆಡಲ್ ಉಂಟಾ ಕೇಳಿದೆ, "ಓವರ್‌ಡ್ರೈವಾ ಕೋರಸಾ ಡಿಲೇಯಾ ಕಂಪ್ರೆಸರಾ" ಅಂತ ಒಂದೇ ಉಸಿರಲ್ಲಿ ಕೇಳಿದ್ರು, ನಾನು "ನೀಲಿ ಬಣ್ಣದ್ದು ಉಂಟಾ" ಅಂತ ಹೇಳಿ ಮರ್ಯಾದೆ ಕಳ್ಕೊಂಡು ಬಂದೆ.

ಗಡ್‌ಬಡ್ ಫಝ್ · 9:20

ಅಕ್ಕ ಫಝ್ ಕೊಡ್ಸಿ, ಸೌಂಡನ್ನ ಒಡೆದು ಗರಗರ ಅನ್ನಿಸೋ ಪೆಡಲ್. ಮುಗೀತು. ಬೇಸ್ ಮೇಲೆ ಫಝ್ ಹಾಕಿದ್ರೆ ನಮ್ಮ ಹಾಸ್ಟೆಲ್ ಕಿಟಕಿ ಗಾಜು ಅದುರುತ್ತೆ, ಅಂಥ ಖುಷಿ ಬೇರೆ ಇಲ್ಲ. ಎಲೆಕ್ಟ್ರೋ ಹಾರ್ಮೋನಿಕ್ಸ್‌ನವರ ಬೇಸ್ ಬಿಗ್ ಮಫ್ ಇದೆ, ದುಡ್ಡು ಜಾಸ್ತಿ ಅನ್ಸಿದ್ರೆ ಬೆಹ್ರಿಂಜರ್ ಎಸ್‌ಎಫ್ 300, ಪ್ಲಾಸ್ಟಿಕ್ ಡಬ್ಬ ಆದ್ರೆ ಸೌಂಡು ರಾಕ್ಷಸ.

ದಪ್ಪತಂತಿ · 9:41

ಗಡ್‌ಬಡ್, ಅವ ನುಡಿಸುದು ಇಗರ್ಜಿಯಲ್ಲಿ ಮಾರಾಯ. ಕುಮ್ಗಾರ್ ಅಂದ್ರೆ ಪರಮಪ್ರಸಾದ ಕೊಡುವ ಹೊತ್ತಿಗೆ ಫಝ್ ಒತ್ತಿದ್ರೆ ಫಾದರ್ ಅವನನ್ನು ಗಿಟಾರ್ ಸಮೇತ ಆಶೀರ್ವಾದ ಮಾಡಿ ಮನೆಗೆ ಕಳಿಸ್ತಾರೆ.

ಅಕ್ಕ, ನಾನು ಕಂಕನಾಡಿಯಲ್ಲಿ ಇರುದು, 18 ವರ್ಷದಿಂದ ಬೇಸ್ ನುಡಿಸ್ತೇನೆ, ಮದುವೆ ಬ್ಯಾಂಡ್ ಇಗರ್ಜಿ ಎರಡೂ ಕಡೆ. ನಾನು ಹೇಳುದು ಇಷ್ಟೇ. ಪೆಡಲಲ್ಲಿ ಎರಡು ಜಾತಿ ಉಂಟು, ಒಂದು ರುಚಿಯದ್ದು ಇನ್ನೊಂದು ಕೆಲಸದ್ದು. ಫಝ್, ಓವರ್‌ಡ್ರೈವ್, ಕೋರಸ್, ಆಕ್ಟೇವ್ ಎಲ್ಲ ರುಚಿಯದ್ದು. ಅದನ್ನು ಬೇರೆಯವ್ರು ಆರಿಸಿ ಕೊಟ್ರೆ ನಿಮ್ಮ ಶರ್ಟಿನ ಕಥೆಯೇ, ಕಪಾಟಿಗೆ. ಕೆಲಸದ್ದು ಅಂದ್ರೆ ಶ್ರುತಿ ನೋಡುವ ಟ್ಯೂನರ್, ಗಿಟಾರಿನ ಸೌಂಡನ್ನು ಮಿಕ್ಸರಿಗೆ ಸರಿಯಾಗಿ ಕಳಿಸುವ ಡಿಐ, ಸರಿಯಾದ ಅಡಾಪ್ಟರ್. ಅದರಲ್ಲಿ ಅವನ ಹತ್ರ ಇಲ್ಲದ್ದು ಯಾವುದು ಅಂತ ಗೊತ್ತಾದ್ರೆ ನಿಮ್ಮ ಕೆಲಸ ಮುಗೀತು.

ಮತ್ತೆ ಇನ್ನೊಂದು, ಅಂಗಡಿಯಲ್ಲಿ "ಇದು ಗಿಟಾರಿಗೂ ಆಗ್ತದೆ ಬೇಸಿಗೂ ಆಗ್ತದೆ" ಅಂದ್ರೆ ತಲೆ ಆಡಿಸಿ ಹೊರಗೆ ಬನ್ನಿ. ಬೇಸಿನ ದಪ್ಪ ತಂತಿ ಬಿಟ್ಟು ಬಾರಿಸಿದ್ರೆ ಸೆಕೆಂಡಿಗೆ 41 ಸಲ ಅದುರ್ತದೆ, ಗಿಟಾರಿನ ದಪ್ಪ ತಂತಿ 82. ಗಿಟಾರಿಗೆ ಅಂತ ಮಾಡಿದ, ಸೌಂಡನ್ನು ಒರಟು ಮಾಡುವ ಡ್ರೈವ್ ಪೆಡಲ್ ಹೆಚ್ಚಿನವು ಕೆಳಗಿನ ಸೌಂಡನ್ನು ಬೇಕಂತಲೇ ತೆಳು ಮಾಡ್ತವೆ, ಗಿಟಾರಿಗೆ ಅದೇ ಸರಿ, ಇಲ್ಲದ್ರೆ ಎಲ್ಲ ಕೆಸರಾಗ್ತದೆ. ಐಬನೆಜ್‌ನ ಹಸಿರು ಟ್ಯೂಬ್ ಸ್ಕ್ರೀಮರ್ ಉಂಟಲ್ಲ, ಅದರ ಒಳಗೆ ಸುಮಾರು 720 ಹರ್ಟ್ಸ್‌ನಿಂದ ಕೆಳಗೆ ಹೋದ ಹಾಗೆ ಡ್ರೈವ್ ಕಮ್ಮಿ ಆಗ್ತಾ ಬರ್ತದೆ. ನಾನು ಕಾಲೇಜಲ್ಲಿರುವಾಗ ಅದನ್ನೇ ಬೇಸಿಗೆ ಹಾಕಿ ಸ್ಟೇಜ್ ಹತ್ತಿದ್ದೆ, ಒತ್ತಿದ ಕೂಡ್ಲೆ ಬೇಸೇ ಕಾಣೆ, ಡ್ರಮ್ಮರ್ ತಿರುಗಿ "ಕರೆಂಟ್ ಹೋಯ್ತಾ" ಅಂತ ಕೈ ಸನ್ನೆ ಮಾಡಿದ್ದ.

ತೆಂಕುತಿಟ್ಟು · 10:05

ನಂಗೆ ಗೊತ್ತಿರುವ ಪೆಡಲ್ ಹೊಲಿಗೆ ಮಿಷನಿಂದು ಮಾತ್ರ. ಆದ್ರೂ ಕೇಳ್ತೇನೆ, ಬೇಸಿಗೇ ಅಂತ ಮಾಡಿದ್ದರಲ್ಲಿ ಈ ಕಾಣೆ ಆಗುದು ಹೇಗೆ ತಪ್ತದೆ?

ದಪ್ಪತಂತಿ · 10:18

ಒಳ್ಳೆ ಪ್ರಶ್ನೆ. ಗಂಜಿ ಊಟ ಅಂತ ತಿಳ್ಕೊಳ್ಳಿ. ತಂತಿಯ ಚೊಕ್ಕ ಸೌಂಡ್ ಗಂಜಿ, ಡ್ರೈವ್ ಉಪ್ಪಿನಕಾಯಿ. ಗಿಟಾರ್ ಪೆಡಲ್ ಏನು ಮಾಡ್ತದೆ, ಬಟ್ಟಲು ಎತ್ಕೊಂಡು ಹೋಗಿ ಬರೀ ಉಪ್ಪಿನಕಾಯಿ ಇಡ್ತದೆ. ಬೇಸ್ ಪೆಡಲಲ್ಲಿ ಬ್ಲೆಂಡ್ ಅಂತ ಒಂದು ನಾಬ್ ಇರ್ತದೆ, ಚೊಕ್ಕ ಸೌಂಡ್ ಎಷ್ಟು ಡ್ರೈವ್ ಎಷ್ಟು ಅಂತ ಬೆರೆಸ್ಲಿಕ್ಕೆ. ಬಾಸ್ ಕಂಪನಿಯ ಓಡಿಬಿ-3 ಅಂತ ಹಳದಿ ಪೆಡಲಲ್ಲಿ ಅದಕ್ಕೆ ಬ್ಯಾಲೆನ್ಸ್ ಅಂತ ಹೆಸರು. ಗಡ್‌ಬಡ್ ಹೇಳಿದ ಬೇಸ್ ಬಿಗ್ ಮಫ್‌ನಲ್ಲಿ ಡ್ರೈ ಅಂತ ಸ್ವಿಚ್ಚೇ ಉಂಟು, ಹಾಗಾಗಿ ಆ ಹುಡುಗ ಪೂರ್ತಿ ತಪ್ಪು ಹೇಳ್ಲಿಲ್ಲ.

ಕಲ್ಸಂಕದಕ್ಕ · 10:26

ಬೇಸಿಗೆ ಬಾಸ್ ಪೆಡಲ್, ಬಾಸ್‌ನಲ್ಲಿ ಬೇಸ್ ಪೆಡಲ್... ಬಾಸ್ ಅಂದ್ರೆ ಕಂಪನಿ ಹೆಸರಾ? ನಾನು ಇಷ್ಟು ದಿನ ತಮ್ಮ "ಬಾಸ್ ಪೆಡಲ್" ಅಂತ ಹೇಳುವಾಗ ಅವನದ್ದು ಉಚ್ಚಾರ ಸರಿ ಇಲ್ಲ ಅಂತ ತಿಳ್ಕೊಂಡಿದ್ದೆ.

ದಪ್ಪತಂತಿ · 10:29

ಕಂಪನಿಯೇ. ಜಪಾನಿಂದು, ರೋಲಂಡ್‌ನವರದ್ದು. ಹೆಚ್ಚಿನ ಪೆಡಲ್ ಒಂದೇ ಆಕಾರ, ಬಣ್ಣ ಮಾತ್ರ ಬೇರೆ. ನೀವು ಅಂಗಡಿಯಲ್ಲಿ ಬಣ್ಣ ಕೇಳಿದ್ದು ಅಷ್ಟೇನೂ ಮರ್ಯಾದೆ ಹೋಗುವ ವಿಷಯ ಅಲ್ಲ, ನಾವೂ ಹಳದಿ ಪೆಡಲ್ ಕಿತ್ತಳೆ ಪೆಡಲ್ ಅಂತಲೇ ಮಾತಾಡುದು.

ಕಟಪಾಡಿ ಸೌಂಡ್ಸ್ · 11:02

ಈಗ ಒಂದು ಮೆಹಂದಿ ಮುಗಿಸಿ ಬಾಕ್ಸ್ ಎಲ್ಲ ಟೆಂಪೋಗೆ ಹಾಕಿ ಕೂತೆ. ನಾನು ಮಿಕ್ಸರ್ ಹಿಂದೆ ನಿಲ್ಲುವವ, ಹಾಗಾಗಿ ನನ್ನ ಮಾತು ಕೇಳಿ. ಹುಡುಗನಿಗೆ ಪ್ರಿಯಾಂಪ್ ಡಿಐ ಕೊಡಿ, ಅಂದ್ರೆ ಸೌಂಡ್ ತಿದ್ದುವ ನಾಬ್‌ಗಳೂ ಇರುವ ಡಿಐ. ಬೆಹ್ರಿಂಜರ್ ಬಿಡಿಐ 21 ನಿಮ್ಮ ಬಜೆಟ್ಟಿಗೆ ಸರಿಯಾಗ್ತದೆ. ಟೆಕ್ 21 ಕಂಪನಿಯ ಸ್ಯಾನ್ಸ್‌ಆಂಪ್ ಬೇಸ್ ಡ್ರೈವರ್ ಅಂತ ದೊಡ್ಡ ಹೆಸರಿನದ್ದು ಉಂಟು, ಅದೇ ದಾರಿಯಲ್ಲಿ ಹೋಗುದು ಇದು, ರೇಟು ಅದರ ಹತ್ರಕ್ಕೂ ಹೋಗುದಿಲ್ಲ.

ಯಾಕೆ ಅಂದ್ರೆ ನಮ್ಮ ಊರಿನ ಹಾಲ್‌ಗಳಲ್ಲಿ ಬೇಸಿಗೆ ಆಂಪ್ ಇಡುವವ್ರು ಎಷ್ಟು ಜನ? ಹುಡುಗರು ಬರ್ತಾರೆ, ಗಿಟಾರಿಂದ ಉದ್ದದ ವಯರ್ ಎಳೆದು ಸೀದಾ ನನ್ನ ಮಿಕ್ಸರಿಗೆ ಚುಚ್ತಾರೆ. ಗಿಟಾರಿನ ತಂತಿ ಅಡಿಯ ಪಿಕಪ್ಪಿಂದ ಬರುವ ಸಿಗ್ನಲ್ ಬಹಳ ಬಡಪಾಯಿ, 10 ಮೀಟರ್ ವಯರಲ್ಲಿ ಬರುವಾಗ ಮೇಲಿನ ಸೌಂಡ್ ಸತ್ತು ಹೋಗ್ತದೆ, ದಾರಿಯಲ್ಲಿ ಸೀರಿಯಲ್ ಲೈಟಿಂದು ಡಿಮ್ಮರಿಂದು ಎಲ್ಲದ್ರದ್ದು ಗುಂಯ್ ಸೇರಿಸ್ಕೊಂಡು ಬರ್ತದೆ. ಡಿಐ ಅಂದ್ರೆ ಅದನ್ನು ಗಟ್ಟಿ ಮಾಡಿ, ಮೂರು ಪಿನ್ನಿನ ಮೈಕ್ ವಯರಲ್ಲಿ ಕಳಿಸ್ಲಿಕ್ಕೆ ಆಗುವ ಹಾಗೆ ಮಾಡುದು. ಆಮೇಲೆ ಎಷ್ಟು ದೂರ ಬೇಕಾದ್ರೂ ಎಳೀಬಹುದು.

ದಪ್ಪತಂತಿ · 11:15

ಡಿಐ ಇಡುದು ಸೌಂಡಿನವನ ಕೆಲಸ ಅಲ್ವಾ ಸ್ವಾಮಿ?

ಕಟಪಾಡಿ ಸೌಂಡ್ಸ್ · 11:19

ನನ್ನ ಪೆಟ್ಟಿಗೆಯಲ್ಲಿ ಎರಡು ಉಂಟು, ಎಲ್ರ ಹತ್ರ ಇರ್ತದಾ? ಮತ್ತೆ ನಾನು ಹೇಳಿದ್ದು ಬರೀ ಡಿಐ ಅಲ್ಲ, ಪ್ರಿಯಾಂಪ್ ಇರುವಂಥದ್ದು. ಬ್ಲೆಂಡ್ ಉಂಟು, ಡ್ರೈವ್ ಉಂಟು, ಟ್ರೆಬಲ್ ಬೇಸ್ ಉಂಟು.

ದಪ್ಪತಂತಿ · 11:24

ಮಿಡ್ ಅಂದ್ರೆ ಮಧ್ಯದ ಸೌಂಡಿಗೆ ನಾಬ್ ಇಲ್ಲ ಅಂತಲೂ ಹೇಳಿ. ಮತ್ತೆ ಅದರ ಸ್ವಭಾವವೇ ಮಿಡ್ ಕೆತ್ತುದು. ಮನೆಯಲ್ಲಿ ಒಬ್ನೇ ನುಡಿಸುವಾಗ ಸ್ವರ್ಗ, ಬ್ಯಾಂಡ್ ಶುರು ಆದ್ರೆ ಕೀಬೋರ್ಡಿನವನ ಎಡಗೈ ಅಡಿಯಲ್ಲಿ ಬೇಸ್ ಎಲ್ಲಿ ಹೋಯ್ತು ಅಂತ ಹುಡುಕ್ಬೇಕು. ಬ್ಲೆಂಡ್ ಅರ್ಧಕ್ಕಿಂತ ಕೆಳಗೆ ಇಟ್ರೆ ಒಳ್ಳೇದು, ಕೆಟ್ಟ ಸಾಮಾನಲ್ಲ, ಒಪ್ತೇನೆ.

ಬೆಂದೂರ್‌ವೆಲ್ ಬ್ಲೂಸ್ · ಶನಿವಾರ ಬೆಳಿಗ್ಗೆ 7:50

ಎಲ್ರೂ ಒಂದೊಂದು ಡಬ್ಬ ಹೇಳ್ತಾ ಇದ್ದೀರಿ, ಎಲ್ಲ ಒಂದರಲ್ಲೇ ಸಿಗುವಾಗ ಎಂತಕ್ಕೆ ಮಂಡೆಬಿಸಿ? ಝೂಮ್ ಬಿ1 ಫೋರ್. ಟ್ಯೂನರ್ ಒಳಗೇ ಉಂಟು, ಕಂಪ್ರೆಸರ್ ಡ್ರೈವ್ ಕೋರಸ್ ಆಕ್ಟೇವ್ ಸಿಂಥ್ ಎಲ್ಲ ಉಂಟು, ಒಟ್ಟಿಗೆ ಐದು ಎಫೆಕ್ಟ್ ಓಡಿಸ್ಬಹುದು. ಡ್ರಮ್ ಪ್ಯಾಟರ್ನ್, 30 ಸೆಕೆಂಡ್ ಲೂಪರ್, ಹೆಡ್‌ಫೋನ್ ತೂತು, ನಾಲ್ಕು ಪೆನ್ ಬ್ಯಾಟರಿ ಹಾಕಿದ್ರೂ ನಡೀತದೆ, ಮಳೆಗಾಲದಲ್ಲಿ ಕರೆಂಟ್ ಹೋದ ರಾತ್ರಿ ನಾನು ಎಷ್ಟು ಪ್ರಾಕ್ಟೀಸ್ ಮಾಡಿದ್ದೇನೆ ಅದರಲ್ಲಿ. ಹೊಸದು ನಿಮ್ಮ ಬಜೆಟ್ ದಾಟ್ತದೆ, ಸೆಕೆಂಡ್ ಹ್ಯಾಂಡ್ ನೋಡಿ. ಮತ್ತೆ ನಿಮ್ಮ "ರುಚಿಯದ್ದು ಕೊಡ್ಬೇಡಿ" ವಾದಕ್ಕೂ ಇದು ಉತ್ತರ, ರುಚಿ ಅವನೇ ಆರಿಸ್ತಾನೆ.

ಇನ್ನು ಸಿಂಗಲ್ ಪೆಡಲೇ ಬೇಕಾದ್ರೆ ಜೋರು ಮೆಲ್ಲ ಸೌಂಡನ್ನು ಒಂದು ಮಟ್ಟಕ್ಕೆ ತರುವ ಕಂಪ್ರೆಸರ್, ಟೀಸಿ ಎಲೆಕ್ಟ್ರಾನಿಕ್ ಸ್ಪೆಕ್ಟ್ರಾಕಾಂಪ್. ಒಂದೇ ನಾಬ್.

ದಪ್ಪತಂತಿ · 8:30

ಝೂಮ್ ಬಗ್ಗೆ ನಂಗೆ ಜಗಳ ಇಲ್ಲ, ಮನೆಯಲ್ಲಿ ಕೂತು ಕಲಿಯುವವನಿಗೆ ಅದರಷ್ಟು ಒಳ್ಳೇದು ಆ ದುಡ್ಡಲ್ಲಿ ಇಲ್ಲ. ಸ್ಟೇಜಲ್ಲಿ ಕತ್ತಲೆಯಲ್ಲಿ ಬಗ್ಗಿ ಮೆನು ಹುಡುಕುದು ನನ್ನಿಂದ ಆಗುದಿಲ್ಲ, ನನ್ನ ಸೊಂಟದ ದೋಷ ಇರ್ಬಹುದು. ಕಂಪ್ರೆಸರ್ ಗಿಫ್ಟಿಗೆ ಬೇಡ. ಒಳ್ಳೆ ಕಂಪ್ರೆಸರ್ ಒಳ್ಳೆ ಅಂಪೈರ್ ಇದ್ದ ಹಾಗೆ, ಇದ್ದದ್ದೇ ಗೊತ್ತಾಗ್ಬಾರ್ದು. ಕೇಕ್ ಕಟ್ ಮಾಡಿ ಪ್ಯಾಕೆಟ್ ಬಿಚ್ಚಿ ಒತ್ತಿದ್ರೆ ಮನೆಯವ್ರೆಲ್ಲ "ಎಂತ ಆಯ್ತು ಈಗ?" ಅಂತ ಕೇಳ್ತಾರೆ.

ಬೆಸುಗೆ · 9:10

ಎಲ್ರೂ ಔಷಧಿ ಬರೀತಿದ್ದೀರಿ, ಪೇಷಂಟನ್ನು ಯಾರೂ ನೋಡ್ಲಿಲ್ಲ. ನಾನು ಆಂಪ್, ಮಿಕ್ಸರ್, ಪೆಡಲ್ ರಿಪೇರಿ ಮಾಡುವವ. ಅಕ್ಕ, ಅವ ಸ್ನಾನಕ್ಕೆ ಹೋದಾಗ ಅವನ ಗಿಟಾರ್ ಬ್ಯಾಗಿನ ಮುಂದಿನ ಜಿಪ್ ತೆಗ್ದು ಏನೇನುಂಟು ನೋಡಿ ಇಲ್ಲಿ ಬರೀರಿ. ನಾಳೆ ಪೂಜೆಯಲ್ಲಿ ಹೂವಿನ ಫೋಟೋ ತೆಗೆಯುವ ನೆಪದಲ್ಲಿ ಕೊಯರ್ ಮೂಲೆಯದ್ದೂ ಒಂದು ತೆಗೀರಿ, ಅವನ ವಯರ್ ಎಲ್ಲಿಗೆ ಹೋಗಿ ಸೇರ್ತದೆ ಅಂತ.

ಬಿಸಿ ಗೋಳಿಬಜೆ · 10:44

ಇಲ್ಲೇ ಕೇಳುದಾ ಗೊತ್ತಿಲ್ಲ, ನಮ್ಮ ಯಜಮಾನ್ರಿಗೆ ಕೀಬೋರ್ಡ್ ಸ್ಟ್ಯಾಂಡ್ ಬೇಕಿತ್ತು, ಎಕ್ಸ್ ಆಕಾರದ್ದು ಒಳ್ಳೇದಾ ಝಡ್ಡಾ?

ತೆಂಕುತಿಟ್ಟು · 10:51

ಬೇರೆ ಚರ್ಚೆ ಶುರು ಮಾಡಿ ಅಮ್ಮ, ಇಲ್ಲಿ ಒಂದು ಪೆಡಲ್ ಹುಟ್ಟುವ ಮೊದ್ಲೇ ಆರು ಜನ ಹೆಸರು ಇಟ್ಟಾಗಿದೆ.

ಕಲ್ಸಂಕದಕ್ಕ · ಆದಿತ್ಯವಾರ ಮಧ್ಯಾಹ್ನ 12:35

ಕಳ್ಳಿ ಕೆಲಸ ಮಾಡಿ ಆಯ್ತು. ಬ್ಯಾಗಲ್ಲಿ ಇದ್ದದ್ದು ಇದು: ಒಂದು ವಯರ್, ಅದರ ತುದಿ ಲೋಹದ ಮೇಲೆ ಹಸಿರು ಹಸಿರು ಬಂದಿದೆ. ಹಳೆ ತಂತಿ ಸುತ್ತಿಟ್ಟ ಒಂದು ಲಕೋಟೆ, ನಮ್ಮದೇ ಮದುವೆ ಕಾಗದದ ಲಕೋಟೆ ಅದು. ನೀಲಗಿರಿ ತೈಲದ ಬಾಟ್ಲಿ. ಮತ್ತೆ ಒಂದು ಕಿತ್ತಳೆ ಬಣ್ಣದ ಪೆಡಲ್, ಬಾಸ್ ಅಂತ ಬರೆದಿದೆ, ಡಿಎಸ್-1. ಅಯ್ಯೋ ಪೆಡಲ್ ಉಂಟಲ್ಲ ಅಂತ ನಂಗೆ ಹೊಟ್ಟೆ ಉರೀತು, ಆದ್ರೆ ಅದರ ಮುಂದಿನ ಸ್ಕ್ರೂ ತಿರುಗಿಸಿದ್ರೆ ಒಳಗಿನ ಬ್ಯಾಟರಿ ಕಕ್ಕಿ ಬಿಳಿ ಹಿಟ್ಟು. ಮಾವನ ಮಗ ಯಾವಾಗ್ಲೋ ಕೊಟ್ಟದ್ದಂತೆ, ಅಮ್ಮ ಹೇಳಿದ್ರು, ಶರ್ಟಿಗೆ ಬದಲಿಗೆ ಇರ್ಬೇಕು.

ಇನ್ನು ಇಗರ್ಜಿಯದ್ದು. ವಯರ್ ಹೋಗಿ ನೆಲದ ಮೇಲೆ ಒಂದು ಸಣ್ಣ ಕಪ್ಪು ಡಬ್ಬಕ್ಕೆ ಸೇರ್ತದೆ, ಅದರಿಂದ ಮೈಕ್ ವಯರಿನ ಹಾಗಿದ್ದು ಗೋಡೆ ಕಡೆ ಹೋಗ್ತದೆ. ಮತ್ತೆ ಒಂದು ವಿಷಯ. ಪ್ರವಚನ ಶುರು ಆದ ಮೇಲೆ ಇವ ಗೋಡೆ ಕಡೆ ತಿರುಗಿ, ಗಿಟಾರಿನ ಮೇಲಿನ ಕೊಂಬಿಗೆ ಕಿವಿ ಒತ್ತಿ ಹಿಡ್ದು, ಒಂದು ಕೈಯಲ್ಲಿ ಕಿವಿ ಹಿಂಡಿದ ಹಾಗೆ ಗೂಟ ತಿರುಗಿಸ್ತಾ ಇದ್ದ. ಮಧ್ಯದಲ್ಲಿ ಒಮ್ಮೆ ಸ್ಪೀಕರಲ್ಲಿ ಡುಂಯ್ಯ್ ಅಂತ ಬಂತು, ಫಾದರ್ ಒಂದು ಸೆಕೆಂಡ್ ನಿಲ್ಲಿಸಿದ್ರು. ಇದು ಪ್ರತಿ ವಾರ ಆಗ್ತದೆ, ಅಮ್ಮ ಪ್ರತಿ ವಾರ ಬೈತಾರೆ. ಅವ ಎಂತ ಮಾಡುದು ಅದು, ಪ್ರಾರ್ಥನೆಯಾ?

ದಪ್ಪತಂತಿ · 12:48

ಅಕ್ಕ. ಅಕ್ಕ. ಉತ್ತರ ಸಿಕ್ತು.

ಅವ ಟ್ಯೂನ್ ಮಾಡುದು. ಮರಕ್ಕೆ ಕಿವಿ ಅಥವಾ ದವಡೆ ಒತ್ತಿದ್ರೆ ತಂತಿಯ ಅದುರುವಿಕೆ ಎಲುಬಲ್ಲೇ ಕೇಳ್ತದೆ, ಗಲಾಟೆಯಲ್ಲಿ ಟ್ಯೂನರ್ ಇಲ್ಲದವ್ರು ಮಾಡುವ ಹಳೆ ಉಪಾಯ. ಫೋನಿನ ಆ್ಯಪಲ್ಲಿ ಯಾಕೆ ಮಾಡುದಿಲ್ಲ ಅಂದ್ರೆ ಫೋನಿನ ಮೈಕಿಗೆ ಫ್ಯಾನು, ಮಗು ಅಳುದು, ಫಾದರ್ ಎಲ್ಲ ಕೇಳ್ತದೆ, ಬೇಸಿನ ದಪ್ಪ ತಂತಿ ಮಾತ್ರ ಕೇಳುದಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಮರದ ಕುತ್ತಿಗೆ ಶೀತ ಎಳ್ಕೊಂಡು ಅಲ್ಲಾಡ್ತದೆ, ಹೊರಗಿಂದ ಒಳಗೆ ತಂದು ಅರ್ಧ ಗಂಟೆಯಲ್ಲಿ ಶ್ರುತಿ ಹೋಗಿರ್ತದೆ.

ಟ್ಯೂನರ್ ಪೆಡಲ್ ಕೊಡಿ. ವಯರ್ ಅದರೊಳಗಿಂದ್ಲೇ ಹೋಗುದ್ರಿಂದ ಹೊರಗಿನ ಗಲಾಟೆ ಲೆಕ್ಕಕ್ಕಿಲ್ಲ. ಕಾಲಲ್ಲಿ ಒತ್ತಿದ್ರೆ ಸ್ಪೀಕರಿಗೆ ಹೋಗುವ ಸೌಂಡ್ ಬಂದ್, ಲೈಟ್ ನೋಡಿ ಟ್ಯೂನ್ ಮಾಡುದು, ಮತ್ತೆ ಒತ್ತಿದ್ರೆ ವಾಪಸ್. ಪ್ರವಚನಕ್ಕೆ ಡುಂಯ್ ಇಲ್ಲ. ಅಮ್ಮನ ಬೈಗಳೂ ಇಲ್ಲ.

ಕಟಪಾಡಿ ಸೌಂಡ್ಸ್ · 1:15

ಆ ಕಪ್ಪು ಡಬ್ಬ ಡಿಐಯೇ. ಇಗರ್ಜಿಯಲ್ಲಿ ಉಂಟು ಅಂದ ಮೇಲೆ ನನ್ನ ವಾದ ಅರ್ಧ ಬಿತ್ತು. ಟ್ಯೂನರ್ ಆಗ್ಲಿ. ಹಾಡು ಹಾಡಿನ ಮಧ್ಯೆ ಮ್ಯೂಟ್ ಮಾಡುವ ಬೇಸಿಸ್ಟ್ ಸಿಕ್ಕಿದ್ರೆ ಯಾವ ಸೌಂಡಿನವನೂ ಕಾಲಿಗೆ ಬೀಳ್ತಾನೆ. ಗಿಟಾರ್ ಆನ್ ಇರುವಾಗ್ಲೇ ವಯರ್ ಎಳೆದು ನನ್ನ ಸ್ಪೀಕರ್ ಕೋನ್ ಢಬ್ ಅನ್ನಿಸಿದವ್ರು ಎಷ್ಟು ಜನ.

ಗಡ್‌ಬಡ್ ಫಝ್ · 1:22

ಟ್ಯೂನರಾ!!! 25ನೇ ಬರ್ತ್‌ಡೇಗೆ ಟ್ಯೂನರ್ ಕೊಡೋದು ಅಂದ್ರೆ ಹುಡುಗನಿಗೆ ಥರ್ಮಾಮೀಟರ್ ಕೊಟ್ಟ ಹಾಗೆ ಗುರು. ಸ್ವಲ್ಪ ಮಜಾ ಇರ್ಲಿ.

ಬೆಸುಗೆ · 2:40

ಮಜಾ ಅವನ ಬ್ಯಾಗಲ್ಲೇ ಇತ್ತಲ್ಲ, ಡಿಎಸ್-1. ಗಿಟಾರ್ ಡಿಸ್ಟಾರ್ಶನ್, ಬೇಸ್ ಹಾಕಿದ್ರೆ ಕೆಳಗಿನದ್ದು ಹೋಗ್ತದೆ, ಎರಡು ಸಲ ಒತ್ತಿ ನೋಡಿ ಬ್ಯಾಗಿಗೆ ಹಾಕಿದ್ದಾನೆ, ಬ್ಯಾಟರಿ ತೆಗೀಲಿಲ್ಲ. ದಪ್ಪತಂತಿ ಹೇಳಿದ್ದಕ್ಕೆ ಸಾಕ್ಷಿ ಅಲ್ಲಿಯೇ ಉಂಟು.

ಅಕ್ಕ, ಆ ಬಿಳಿ ಹಿಟ್ಟನ್ನು ಕೈಯಲ್ಲಿ ಮುಟ್ಬೇಡಿ. ಹಳೆ ಟೂತ್‌ಬ್ರಶ್ಶಿಗೆ ಸ್ವಲ್ಪ ವಿನೆಗರ್ ಹಾಕಿ ಆ ಕ್ಲಿಪ್ ಮಾತ್ರ ಉಜ್ಜಿ, ಒಣಗ್ಲಿಕ್ಕೆ ಬಿಡಿ, ಬದುಕ್ತದೆ. ಯಾವ ಪೆಡಲ್ ಆದ್ರೂ ಒಂದು ವಿಷಯ ಗೊತ್ತಿರ್ಲಿ, ಹೆಚ್ಚಿನ ಪೆಡಲ್‌ಗೆ ಬೇರೆ ಆನ್ ಆಫ್ ಸ್ವಿಚ್ ಇಲ್ಲ, ಇನ್‌ಪುಟ್ ತೂತಿಗೆ ವಯರ್ ಚುಚ್ಚಿದ್ರೆ ಬ್ಯಾಟರಿ ಆನ್. ಲೈಟ್ ಆರಿದ್ರೂ ಒಳಗೆ ಕುಡೀತಾ ಇರ್ತದೆ. ನುಡಿಸಿ ಆದ ಮೇಲೆ ವಯರ್ ತೆಗೀಲೇ ಬೇಕು.

ಬ್ಯಾಟರಿಗಿಂತ ಅಡಾಪ್ಟರ್ ಕೊಡಿ ಗಿಫ್ಟ್ ಜೊತೆ. 9 ವೋಲ್ಟ್, ಮಧ್ಯದ ಪಿನ್ ಮೈನಸ್. ಅಡಾಪ್ಟರ್ ಮೇಲೆ ಒಂದು ವೃತ್ತದ ಚಿತ್ರ ಇರ್ತದೆ, ನಡುವಿನ ಚುಕ್ಕಿಯಿಂದ ಹೊರಟ ಗೆರೆ ಮೈನಸ್‌ಗೆ ಹೋಗ್ಬೇಕು. ಮನೆಯಲ್ಲಿ ವೈಫೈ ಡಬ್ಬದ್ದು ಬಿದ್ದಿರ್ತದೆ, ತೂತಿಗೆ ಸರಿಯಾಗಿ ಕೂರ್ತದೆ ಕೂಡ, ಆದ್ರೆ ಸಾಮಾನ್ಯ ಅದು 12 ವೋಲ್ಟ್ ಮತ್ತು ನಡುವೆ ಪ್ಲಸ್. ವರ್ಷಕ್ಕೆ ಹತ್ತು ಪೆಡಲ್ ಹಾಗೆ ಸುಟ್ಟು ನನ್ನ ಟೇಬಲಿಗೆ ಬರ್ತದೆ, ಕೇಳಿದ್ರೆ ಎಲ್ರೂ "ತನ್ನಷ್ಟಕ್ಕೆ ಹೋಯ್ತು" ಅಂತಲೇ.

ಕಲ್ಸಂಕದಕ್ಕ · 8:05

ವಿನೆಗರ್ ಕೆಲಸ ಆಯ್ತು, ಕ್ಲಿಪ್ ಹೊಳೀತದೆ, ಅವನಿಗೆ ಗೊತ್ತಿಲ್ಲ. ಇನ್ನೊಂದು ಡೌಟ್. ಇವತ್ತು ಸಂಜೆ ರೂಮಲ್ಲಿ ನುಡಿಸುವಾಗ ಗಮನ ಇಟ್ಟು ಕೇಳಿದೆ, ಕೆಲವೊಮ್ಮೆ ಗುಂಯ್ ಅಂತ ಬರ್ತದೆ, ಕೆಲವೊಮ್ಮೆ ಇಲ್ಲ. ಇದಕ್ಕೆ ಟ್ಯೂನರ್ ಆಗ್ತದಾ?

ಬೆಸುಗೆ · 8:20

ಆಗುದಿಲ್ಲ. ಗಿಟಾರಲ್ಲಿ ನಾಬ್ ಎಷ್ಟು ಉಂಟು, ತಂತಿ ಅಡಿಯಲ್ಲಿ ಉದ್ದದ ಕಪ್ಪು ಪಟ್ಟಿ ಎಷ್ಟು?

ಕಲ್ಸಂಕದಕ್ಕ · 8:27

ಮೂರು ನಾಬ್. ಎರಡು ಪಟ್ಟಿ.

ಬೆಸುಗೆ · 8:33

ಜಾಝ್ ಬೇಸ್ ಮಾದರಿ. ಫೆಂಡರ್‌ನವರು 1960ರಲ್ಲಿ ತಂದ ಡಿಸೈನ್, ಈಗ ಎಲ್ಲ ಕಂಪನಿಯವ್ರೂ ಮಾಡ್ತಾರೆ. ಮೊದಲ ಎರಡು ನಾಬ್ ಎರಡು ಪಿಕಪ್ಪಿನ ವಾಲ್ಯೂಮ್. ಸಾಮಾನ್ಯವಾಗಿ ಆ ಎರಡು ಪಿಕಪ್ ಒಂದಕ್ಕೊಂದು ತಿರುಗಾಮುರುಗಾ ಸುತ್ತಿರ್ತದೆ, ಎರಡೂ ಪೂರ್ತಿ ತೆರೆದಾಗ ಒಂದರ ಗುಂಯ್ ಇನ್ನೊಂದು ತಿಂದು ಹಾಕ್ತದೆ. ಒಂದನ್ನು ಇಳಿಸಿದ್ರೆ ಉಳಿದದ್ದರ ಗುಂಯ್ ಹೊರಗೆ. ಎರಡೂ ಫುಲ್ ಇಟ್ಟು ನೋಡ್ಲಿಕ್ಕೆ ಹೇಳಿ, ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಇನ್ನು ಗುಂಯ್ ಬರುವಾಗ ತಂತಿ ಮುಟ್ಟಿದ್ರೆ ಕಮ್ಮಿ ಆಗ್ತದಾದ್ರೆ ಒಳಗೆ ಶೀಲ್ಡಿಂಗ್ ಸಾಲದು ಅಂತ, ತಾಮ್ರದ ಟೇಪ್ ಅಂಟಿಸ್ಬೇಕು, ಯಾವ ಪೆಡಲೂ ಅದನ್ನು ಗುಣ ಮಾಡುದಿಲ್ಲ.

ಬೆಂದೂರ್‌ವೆಲ್ ಬ್ಲೂಸ್ · 9:00

ಸರಿ ಟ್ಯೂನರ್ ಅಂತ ತೀರ್ಮಾನ ಆದ್ರೆ ಯಾವುದು? ಬಾಸ್ ಟಿಯು-3 ಹೊಸದು 6,500ಕ್ಕೆ ಬರುದಿಲ್ಲ. ಟೀಸಿ ಪಾಲಿಟ್ಯೂನೂ ಮೇಲೆಯೇ. ಬೆಹ್ರಿಂಜರ್ ಟಿಯು 300 ಬರ್ತದೆ, ಡೋನರ್ ಡಿಟಿ-1 ತರದ ಸಣ್ಣದು ಇನ್ನೂ ಕಮ್ಮಿ.

ದಪ್ಪತಂತಿ · 9:12

ಸಣ್ಣದು ಆದ್ರೂ ತಪ್ಪಿಲ್ಲ, ಬ್ಯಾಟರಿಗೆ ಜಾಗ ಇರುದಿಲ್ಲ ಅಷ್ಟೇ, ಅಡಾಪ್ಟರೇ ಬೇಕು. ನನ್ನ ಕಾಲಡಿಯಲ್ಲಿ ಇರುದು ಟಿಯು-3. 2010ರಲ್ಲಿ ಬಂದ ಮಾಡೆಲ್, ಇವತ್ತಿಗೂ ಹಾಗೇ ಮಾರ್ತಾರೆ. ಅದರಲ್ಲಿ ಲೈಟ್ ಜಾಸ್ತಿ ಮಾಡುವ ಮೋಡ್ ಉಂಟು, ಬಯಲಲ್ಲಿ ಪೆಂಡಾಲ್ ಹಾಕಿದ ಹಗಲು ಪ್ರೋಗ್ರಾಮಿಗೆ ಅದೇ ಬೇಕು. ಆಫ್ ಇರುವಾಗ್ಲೂ ಸಿಗ್ನಲ್ ಬಫರ್ ಆಗಿ, ಅಂದ್ರೆ ಗಟ್ಟಿಯಾಗಿ ಹೋಗ್ತದೆ, ಕಟಪಾಡಿಯವ್ರು ಹೇಳಿದ ಉದ್ದ ವಯರಿನ ರಗಳೆಗೆ ಅಷ್ಟಾದ್ರೂ ಸಮಾಧಾನ. ಸೆಕೆಂಡ್ ಹ್ಯಾಂಡ್ ಸಿಕ್ಕಿದ್ರೆ ಕಣ್ಣುಮುಚ್ಚಿ... ಇಲ್ಲ, ಕಣ್ಣು ತೆರೆದೇ ತಗೊಳ್ಳಿ.

ಗಡ್‌ಬಡ್ ಫಝ್ · 9:30

ಹೇಳ್ಬಾರ್ದು ಅನ್ಕೊಂಡಿದ್ದೆ. ನಮ್ಮ ಸೀನಿಯರ್ ಒಬ್ರು ಕೋರ್ಸ್ ಮುಗ್ಸಿ ರೂಮ್ ಖಾಲಿ ಮಾಡ್ತಿದ್ದಾರೆ, ಟಿಯು-3 ಇದೆ, 5,000 ಹೇಳ್ತಿದ್ದಾರೆ. ಮಣಿಪಾಲ ಟೈಗರ್ ಸರ್ಕಲ್ ಹತ್ರ ಸಿಗ್ತಾರೆ. ಫಝ್ ಬಿಟ್ಟು ಟ್ಯೂನರಿಗೆ ದಲ್ಲಾಳಿ ಆದೆ ಅಂತ ಯಾರಿಗೂ ಹೇಳ್ಬೇಡಿ.

ಬೆಸುಗೆ · 9:44

ಅಕ್ಕ ಹೋಗುವಾಗ ಒಂದು ಬೇಸ್ ಗಿಟಾರ್ ನುಡಿಸುವವನನ್ನು ಮತ್ತು ಒಂದು ಸಣ್ಣ ಆಂಪನ್ನು ಅವ್ರ ರೂಮಲ್ಲೇ ಇಡ್ಲಿಕ್ಕೆ ಹೇಳಿ, ರಸ್ತೆಯಲ್ಲಿ ನಿಂತು ತಗೊಳ್ಬೇಡಿ. ಕಾಲಿನ ಸ್ವಿಚ್ ಇಪ್ಪತ್ತು ಸಲ ಒತ್ತಿಸಿ, ಒಂದು ಸಲ ಕೂಡ ತಪ್ಬಾರ್ದು. ವಯರ್ ಚುಚ್ಚಿದ ಜಾಗ ಅಲ್ಲಾಡಿಸಿ ನೋಡಿ, ಚರಚರ ಬಂದ್ರೆ ಜಾಕ್ ಹೋಗಿದೆ, ಅದು ದೊಡ್ಡ ಖರ್ಚಲ್ಲ ಆದ್ರೆ 500 ಇಳಿಸ್ಬಹುದು. ಎಲ್ಲ ಲೈಟ್ ಉರೀತದಾ ನೋಡಿ. ಮುಂದಿನ ಸ್ಕ್ರೂ ತೆಗ್ದು ಬ್ಯಾಟರಿ ಗೂಡಲ್ಲಿ ಹಿಟ್ಟು ತುಕ್ಕು ಉಂಟಾ ನೋಡಿ, ನೀವು ಈಗ ಅದರಲ್ಲಿ ಎಕ್ಸ್‌ಪರ್ಟ್. ಕೊನೆಗೆ ದಪ್ಪ ತಂತಿ ಬಾರಿಸಿದ್ರೆ ಸೂಜಿ ಹಾಗೆ ಓಡುವ ಲೈಟ್ ನಿಲ್ತದಾ ಕುಣೀತದಾ.

ದಪ್ಪತಂತಿ · 9:50

ಸ್ವಲ್ಪ ಕುಣಿದ್ರೆ ಹೆದರ್ಬೇಡಿ, ಕೆಳಗಿನ ತಂತಿಯಲ್ಲಿ ಎಲ್ಲ ಟ್ಯೂನರೂ ಸ್ವಲ್ಪ ಒದ್ದಾಡ್ತವೆ. 12ನೇ ಕಟ್ಟಿನ ಮೇಲೆ ಬೆರಳನ್ನು ತಂತಿಗೆ ತಾಗಿಸಿದ ಹಾಗೆ ಇಟ್ಟು ಬಾರಿಸ್ಲಿಕ್ಕೆ ಹೇಳಿ, ಗಂಟೆ ಹಾಗೆ ಮೇಲಿನ ಸ್ವರ ಬರ್ತದೆ, ಲೈಟ್ ಕೂಡ್ಲೆ ನಿಲ್ತದೆ.

ಕಲ್ಸಂಕದಕ್ಕ · ಬುಧವಾರ ಸಂಜೆ 7:15

ತಗೊಂಡೆ. ಗಡ್‌ಬಡ್ ಅವ್ರೇ ಬೇಸ್ ಹಿಡ್ಕೊಂಡು ಬಂದಿದ್ರು, ಒಳ್ಳೆ ಹುಡುಗ, ಫಝ್ ಬಗ್ಗೆ ಅರ್ಧ ಗಂಟೆ ಹೇಳಿದ್ರು, ನಂಗೆ ಈಗ ಅದೂ ಬೇಕು ಅನ್ನಿಸ್ತಾ ಉಂಟು. ಸ್ವಿಚ್ ಇಪ್ಪತ್ತೈದು ಸಲ ಒತ್ತಿದೆ, ಮಾರುವವ್ರು ಎಣಿಸ್ತಾ ನಿಂತಿದ್ರು. ಜಾಕ್ ಸರಿ ಇತ್ತು, ಹಾಗಾಗಿ ಇಳಿಸ್ಲಿಕ್ಕೆ ಕಾರಣ ಸಿಗ್ಲಿಲ್ಲ, ಆದ್ರೂ ಕೇಳಿದೆ, 4,800ಕ್ಕೆ ಕೊಟ್ರು. ಉಳಿದದ್ರಲ್ಲಿ ಅಡಾಪ್ಟರ್, ವೃತ್ತದ ಚಿತ್ರ ನೋಡಿಯೇ ತಗೊಂಡದ್ದು. ಅಂಗಡಿಯವ್ರಿಗೆ "ನಡು ಮೈನಸ್ ಅಲ್ವಾ" ಅಂತ ಕೇಳಿದೆ, ಕಳೆದ ವಾರದ ನೀಲಿ ಬಣ್ಣದ ಹೆಂಗಸು ಇವಳೇನಾ ಅಂತ ನೋಡಿದ್ರು.

ಪೆಡಲ್ ಬಿಳಿ. ಮೇಲೆ ಯಾವುದೋ ಫೆಸ್ಟಿನ ಸ್ಟಿಕ್ಕರ್ ಇತ್ತು, ತೆಂಗಿನೆಣ್ಣೆ ಹಚ್ಚಿ ಉಜ್ಜಿದೆ, ಅಂಟು ಹೋಯ್ತು, ಈಗ ಸ್ವಲ್ಪ ಮಂಡೆಗೆ ಹಾಕಿದ ಪರಿಮಳ ಬರ್ತದೆ.

ಕಲ್ಸಂಕದಕ್ಕ · ಸೆಪ್ಟೆಂಬರ್ 8, ರಾತ್ರಿ 8:40

ರಿಪೋರ್ಟ್ ಕೊಡ್ಬೇಕಲ್ಲ. ಮೊನ್ನೆ ಬಿಚ್ಚಿದ ಕೂಡ್ಲೆ "ಇದು ನಿಂಗೆ ಯಾರು ಹೇಳಿದ್ದು" ಅಂತ ಕೇಳಿದ, ಆಮೇಲೆ ಮೂಸಿ ನೋಡಿದ, ಆಮೇಲೆ ಮಾತಿಲ್ಲದೆ ರೂಮಿಗೆ ಹೋಗಿ ಬಾಗಿಲು ಹಾಕಿ ಒಂದು ಗಂಟೆ ಟ್ಯೂನ್ ಮಾಡಿದ. ಬರೀ ಟ್ಯೂನ್. ನಾಬ್ ಎರಡೂ ಫುಲ್ ಇಡು ಗುಂಯ್ ಹೋಗ್ತದೆ ಅಂದೆ, ಹೋಯ್ತು, ನನ್ನನ್ನು ಭೂತ ನೋಡಿದ ಹಾಗೆ ನೋಡಿದ. ಡಿಎಸ್-1ರ ಕ್ಲಿಪ್ ನೋಡಿದ್ದಾನಾ ಇಲ್ವಾ ಗೊತ್ತಿಲ್ಲ, ನಾನೂ ಹೇಳ್ಲಿಲ್ಲ.

ಇವತ್ತು ಫೆಸ್ಟಿನ ಪೂಜೆ. ಮಕ್ಕಳೆಲ್ಲ ಹೂವು ಹಾಕಿ ಆಗಿ ಪ್ರವಚನ ಶುರು ಆಯ್ತು, ಅಮ್ಮ ಬೈಲಿಕ್ಕೆ ರೆಡಿಯಾಗಿ ಕೂತಿದ್ರು, ಡುಂಯ್ ಇಲ್ಲ. ನೆಲದಲ್ಲಿ ಹಸಿರು ಲೈಟ್ ಮಿನುಗುದು ಮಾತ್ರ ಕಾಣ್ತಾ ಇತ್ತು. ಅಷ್ಟೂ ಹೊತ್ತು ಸೂಜಿ ಬಿದ್ರೂ ಕೇಳುವ ಹಾಗೆ. ಪ್ರವಚನ ಮುಗೀತು, ಎಲ್ರೂ ಎದ್ದು ನಿಂತಾಯ್ತು, ಕೊಯರ್ ಮುಂದಿನ ಹಾಡು ಎತ್ತಿದ್ರು, ಇವ ಕಣ್ಣು ಮುಚ್ಚಿ ತಲೆ ಆಡಿಸ್ತಾ ಭಕ್ತಿಯಿಂದ ನುಡಿಸ್ತಾ ಇದ್ದಾನೆ, ಸೌಂಡೇ ಇಲ್ಲ. ಮ್ಯೂಟ್ ತೆಗೀಲಿಕ್ಕೆ ಮರ್ತಿದ್ದ. ಎರಡು ಚರಣ ಹಾಗೇ ಹೋಯ್ತು. ಕೀಬೋರ್ಡಿನ ಆಂಟಿ ತಿರುಗಿ ನೋಡಿ ಕಾಲು ತೋರಿಸಿದ ಮೇಲೆ ಒತ್ತಿದ, ಬೇಸ್ ಬಂತು ನೋಡಿ, ನಂಗೆ ಮೊದಲ ಸಲ ಗೊತ್ತಾಯ್ತು ಅವ ಅಲ್ಲಿ ಎಂತ ನುಡಿಸ್ತಾನೆ ಅಂತ.

ಕಟಪಾಡಿ ಸೌಂಡ್ಸ್ · 8:52

ನಾನಾಗಿದ್ರೆ ಮಿಕ್ಸರಲ್ಲಿ ಫೇಡರ್ ಏರಿಸ್ತಾ ಏರಿಸ್ತಾ ಹೋಗಿ ಆಮೇಲೆ ಅವ ಒತ್ತಿದಾಗ ಇಗರ್ಜಿ ಹಂಚು ಹಾರ್ತಿತ್ತು.

ಗಡ್‌ಬಡ್ ಫಝ್ · 8:58

26ಕ್ಕೆ ಫಝ್. ಈಗ್ಲೇ ಹೇಳಿಡ್ತೀನಿ.

ಬಿಸಿ ಗೋಳಿಬಜೆ · 9:20

ಝಡ್ ಸ್ಟ್ಯಾಂಡೇ ತಗೊಂಡ್ವಿ, ಅಲ್ಲಾಡುದಿಲ್ಲ, ಯಾರೂ ಕೇಳ್ಲಿಲ್ಲ ಆದ್ರೂ ಹೇಳ್ತಾ ಇದ್ದೇನೆ.